ದೇವಾಪುರದ ಪಾವಟಿಗೆಗಳು

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೃಷ್ಣೆಯ ಕಾಲುವೆ ನೀರು ಸುರಪುರ, ಶಹಾಪುರದ ಕಡೆಯ ಜೋಳದ ಹೊಲಗಳನ್ನು ಭತ್ತದ ಗದ್ದೆ ಮಾಡಿಬಿಟ್ಟಿತ್ತು. ನಾನು ಸುರಪುರದ ಒಂದು ಪದವಿ ಕಾಲೇಜಿನಲ್ಲಿ ಮಹಿಳಾ ಅಧ್ಯಯನದ ಉಪನ್ಯಾಸಕಿ. ವಿಷಯ ಹೊಸದು, ಸ್ಟಾಫ್ ರೂಮಿನಲ್ಲಿ ಅದರ ಮರ್ಯಾದೆ ಅಷ್ಟಕ್ಕಷ್ಟೇ. "ಮೇಡಂರ, ಪ್ರಾಕ್ಟಿಕಲ್‌ಗೆ ರೊಟ್ಟಿ ಬಡಿಯಾಕ ಹಚ್ಚತೀರೇನ್ರಿ?" ಎಂದು ಅರ್ಥಶಾಸ್ತ್ರದವರು ಚುಡಾಯಿಸುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. "ಬರ್ರಿ, ಮೊದಲ ನಿಮಗ ಹಿಟ್ಟು ನಾದೂದು ಕಲಸ್ತೀನಿ" ಎನ್ನುತ್ತಿದ್ದೆ.

ಚೇಷ್ಟೆಯನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಒಂದು ದಿನ ದೇವಾಪುರದ ಸಣ್ಣ ರೈತ ಶರಣಪ್ಪ, ತನ್ನ ಮಗಳು ನಾಗಮ್ಮನನ್ನು ಕಾಲೇಜು ಬಿಡಿಸಲು ಬಂದ. ನಾಟಿಗೆ ಆಳು ಸಿಗುತ್ತಿಲ್ಲ, ಮನೆಗೆ ಕೈ ಬೇಕು. "ಅಕ್ಕೋರ, ಹೆಣ್ಮಕ್ಕಳ ಬಗ್ಗೆ ಓದಾಕ ಕಾಲೇಜ್ಯಾಕ ಬೇಕ್ರಿ? ಮನಿ ತುಂಬ ಹೆಣ್ಮಕ್ಕಳೇ ಅದಾರ." ನನ್ನ ತರಗತಿಯ ಅತ್ಯಂತ ಚುರುಕಿನ ಹುಡುಗಿ ಅವಳು. ಊರಿಗೇ ಹೋಗಿ ಜನರ ಬದುಕು ಅಭ್ಯಾಸ ಮಾಡುವ ಕ್ಷೇತ್ರಕಾರ್ಯ ಮುಗಿಯುವವರೆಗಾದರೂ ಇರಲಿ ಎಂದು ಬೇಡಿಕೊಂಡೆ. ಒಪ್ಪಿದ. ವಿದ್ಯಾರ್ಥಿನಿಯರ ತಂಡವನ್ನು ಅವನ ಊರಿಗೇ ಕರೆದೊಯ್ದೆ.

ಮೊದಲ ದಿನ ಹುಡುಗಿಯರು ಪ್ರಶ್ನಾವಳಿ ಹಿಡಿದು ಮನೆಮನೆ ಸುತ್ತಿದರು. ಕಾಲುವೆಯಿಂದ ತೊಂದರೆ ಇದೆಯೇ ಎಂದರೆ ಎಲ್ಲರದೂ ಒಂದೇ ಉತ್ತರ: "ಏನೂ ತ್ರಾಸಿಲ್ಲವ್ವಾ." ನಾಗಮ್ಮನ ಮುಖ ಸಪ್ಪಗಾಯಿತು. ಕಾಗದ ಚೀಲಕ್ಕೆ ಹಾಕಿ ಎಂದೆ. ಪ್ರಶ್ನೆ ಕೇಳುವ ಮೊದಲು ಹೆಣ್ಣಿನ ದುಡಿಮೆಯ ಜೊತೆಗೇ ಇದ್ದು ನೋಡುವ ವಿಧಾನವೊಂದು ನಮ್ಮ ಶಾಸ್ತ್ರದಲ್ಲಿದೆ.

ಮರುದಿನ ಬೆಳಗ್ಗೆ ನಾವೂ ಕೊಡ ಹಿಡಿದು ಹೆಂಗಸರ ಹಿಂದೆ ಕಾಲುವೆಗೆ ಹೋದೆವು. ನೀರು ಇಂಗದಂತೆ ಹೊದಿಸಿದ ಕಾಂಕ್ರೀಟ್ ಲೈನಿಂಗಿನ ಇಳಿಜಾರು ಪಾಚಿಗಟ್ಟಿ ಜಾರುತ್ತಿತ್ತು. ದನಗಳು ಇಳಿಯಲು ದೂರದಲ್ಲೊಂದು ದಾರಿ ಇತ್ತು. ಅಲ್ಲಿ ಬರೀ ಸೆಗಣಿ, ಕೆಸರು. ಒಬ್ಬಾಕೆ ದಂಡೆಯ ಮೇಲೆ ಕುಳಿತು, ಹಿಮ್ಮಡಿ ಊರಿ, ಹಳೇ ಸೀರೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡಳು. ಇನ್ನೊಂದು ತುದಿ ಹಿಡಿದು ಮತ್ತೊಬ್ಬಾಕೆ ಕೊಡದೊಂದಿಗೆ ಇಳಿದಳು. ದಂಡೆಯುದ್ದಕ್ಕೂ ಹೀಗೆ ಜೋಡಿ ಜೋಡಿ. ಮಾತು ಬಿಟ್ಟ ಓರಗಿತ್ತಿಯರೂ ಇಲ್ಲಿ ಒಬ್ಬರ ಜೀವವನ್ನು ಇನ್ನೊಬ್ಬರು ಸೊಂಟಕ್ಕೆ ಕಟ್ಟಿಕೊಂಡಿದ್ದರು! ಮೇಲೆ ಕುಳಿತವರಲ್ಲಿ ನಾಗಮ್ಮನ ತಾಯಿ ಈರಮ್ಮನೂ ಇದ್ದಳು.

"ಅಕ್ಕೋರ, ಸಣ್ಣಾಕಿದ್ದಾಗಿಂದ ನಾನೂ ಇಳದೀನ್ರಿ. ಇದನ್ನ ತ್ರಾಸ ಅಂತ ಬರಕೋಬೇಕಂತ ನನಗೂ ಹೊಳೀಲಿಲ್ಲ," ಎಂದಳು ನಾಗಮ್ಮ. ಅವಳ ಕಣ್ಣು ತುಂಬಿತ್ತು.

ಹುಡುಗಿಯರು ಓಡಾಡಿ ಕಾಲುವೆಯ ಎಂಜಿನಿಯರರನ್ನು ಸ್ಥಳಕ್ಕೇ ಕರೆತಂದರು. ಶರಣಪ್ಪನೂ ಬಂದು ನಿಂತ.

"ಇದು ಹೊಲದ ನೀರವ್ವಾ, ಕೊಡದ್ದಲ್ಲ," ಎಂದರು ಎಂಜಿನಿಯರ್.

"ದನ ಇಳಿಯಾಕ ದಾರಿ ಮಾಡೀರಲ್ರಿ?" ನಾಗಮ್ಮ ಕೇಳಿದಳು.

"ಅದು ನಕಾಶೆದಾಗ ಇತ್ತು."

"ನಮ್ಮ ಅವ್ವಗೋಳು ಯಾವ ನಕಾಶೆದಾಗ ಅದಾರ್ರಿ, ಸಾಹೇಬ್ರ?"

ಆ ಮನುಷ್ಯ ಒಳ್ಳೆಯವರು. ಸಿಟ್ಟಾಗದೆ ಬೂಟು ಕಳಚಿ, ಕೊಡ ಇಸಿದುಕೊಂಡು, ಸೀರೆ ಹಿಡಿದು ತಾವೇ ಇಳಿದರು. ಮೇಲಿನ ತುದಿಯನ್ನು ಶರಣಪ್ಪ ಗತ್ತಿನಿಂದ ಸುತ್ತಿಕೊಂಡು ಕುಳಿತ. ಕೊಡ ತುಂಬಿದ್ದೇ ತಡ, ಎಂಜಿನಿಯರರ ಕಾಲು ಜಾರಿತು; ಶರಣಪ್ಪ ಕುಳಿತಲ್ಲಿಂದಲೇ ನೀರಿನ ಕಡೆಗೆ ಸರಿಯತೊಡಗಿದ. ಈರಮ್ಮ ಧಾವಿಸಿ ಬಂದು ಸೀರೆ ಹಿಡಿದಳು. "ಬಿಡ್ರಿ, ನಿಮಗ ರೂಢಿಲ್ಲ," ಎಂದವಳೇ ಕುಳಿತು, ಹಿಮ್ಮಡಿ ಊರಿ ಎಳೆದಳು. ಇಬ್ಬರು ಗಂಡಸರೂ ದಂಡೆಗೆ ಬಂದರು. ಯಾರೂ ನಗಲಿಲ್ಲ.

ಶರಣಪ್ಪ ಏದುಸಿರು ಬಿಡುತ್ತ ಹೆಂಡತಿಯನ್ನೇ ನೋಡಿದ. "ದಿನಾ ಹಿಂಗ ಮಾಡ್ತೀಯೇನ? ನನಗ್ಯಾಕ ಹೇಳಲಿಲ್ಲ?"

"ಇದೇನ ಹೇಳೂ ಮಾತು?" ಎಂದಳು ಈರಮ್ಮ. "ನೀರು ತರೂದು."

ಬೇಸಿಗೆಯಲ್ಲಿ ಕಾಲುವೆ ಬತ್ತಿದಾಗ ಎಂಜಿನಿಯರ್ ಅಲ್ಲಿ ನೀರಿಗಿಳಿಯಲು ಪಾವಟಿಗೆ, ಅಂದರೆ ಮೆಟ್ಟಿಲು, ಕಟ್ಟಿಸಿಕೊಟ್ಟರು. ಕಷ್ಟ ರೂಢಿಯಾದರೆ ಅನುಭವಿಸುವವರಿಗೂ ಅದು ಕಷ್ಟವೆನಿಸುವುದಿಲ್ಲ, ಅದನ್ನು ಕಾಣುವುದಕ್ಕೂ ಒಂದು ಕಲಿಕೆ ಬೇಕು ಎಂಬುದನ್ನು ನನಗೆ ಈ ವೃತ್ತಿಯೇ ಕಲಿಸಿತು. ನನಗಿಂತ ಚೆನ್ನಾಗಿ ಅದನ್ನು ಹೇಳಿದವನು ಮಾತ್ರ ಶರಣಪ್ಪ. ಎಂಜಿನಿಯರ್ ಕಾಲುವೆಗಿಳಿದ ದಿನವೇ ಸಂಜೆ ನಮ್ಮನ್ನು ಬಸ್ಸು ಹತ್ತಿಸಲು ಬಂದವನು ಕಿಟಕಿಯ ಹತ್ತಿರ ನಿಂತು, ತಗ್ಗಿದ ದನಿಯಲ್ಲಿ ಅಂದ: "ಅಕ್ಕೋರ, ನಾಗಮ್ಮನ್ನ ಪೂರಾ ಓದಸ್ರಿ. ನನ್ನ ಮನ್ಯಾಗ ಇನ್ನೂ ಏನೇನು ನನ್ನ ಕಣ್ಣಿಗಿ ಬಿದ್ದಿಲ್ಲೋ."