ಗಿರಿಜಾಬಾಯಿಯವರ ಪಿಯಾನೊ ಮತ್ತು ತಪ್ಪಿದ ಸಾಲು

ಕೋವಿಡ್ ತಣ್ಣಗಾಗಿ ಶಾಲೆಗಳು ಮತ್ತೆ ತೆರೆದುಕೊಂಡ ವರ್ಷ ನಾನು ಮಹಾರಾಷ್ಟ್ರದ ಗಡಿಯೊಳಗಿನ ಉದಗೀರದಲ್ಲಿ ವಿದ್ಯುನ್ಮಾನ ವಾದ್ಯಗಳ ಸರ್ವಿಸ್ ಟೆಕ್ನಿಷಿಯನ್ ಆಗಿದ್ದೆ. ಬೀದರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದವಳು ನಾನು. ಉದಗೀರ, ನಿಲಂಗಾ, ಉಮರ್ಗಾ ಮೂರೂ ತಾಲೂಕುಗಳ ಶಾಲೆ, ಭಜನಾ ಮಂಡಳಿ ಮತ್ತು ಮಂಗಲ ಕಾರ್ಯಾಲಯಗಳ ಕೀಬೋರ್ಡು, ಎಲೆಕ್ಟ್ರಾನಿಕ್ ತಂಬೂರಿ, ಆಂಪ್ಲಿಫೈಯರುಗಳೆಲ್ಲ ನನ್ನ ಕೈಗೇ ಬರುತ್ತಿದ್ದವು. ಬೆಸುಗೆಯ ಕಡ್ಡಿ, ಮೀಟರು, ಲ್ಯಾಪ್‌ಟಾಪು ತುಂಬಿದ ಚೀಲ ಹೊತ್ತು ಎಸ್.ಟಿ. ಬಸ್ಸಿನಲ್ಲಿ ತಿರುಗುವುದೇ ಕಸುಬು.

ಹೆಚ್ಚಿನ ಕೆಲಸಗಳು ಮರೆತುಹೋಗುತ್ತವೆ. ಇಲಿ ಕಡಿದ ತಂತಿ, ಚಹಾ ಚೆಲ್ಲಿದ ಸರ್ಕ್ಯೂಟು, ಮಳೆಗಾಲದ ತುಕ್ಕು, ಇವಕ್ಕೆಲ್ಲ ಒಂದೇ ಮುಖ. ನಿಲಂಗಾದ ಗಿರಿಜಾಬಾಯಿಯವರ ಪಿಯಾನೊ ಮಾತ್ರ ಮರೆಯಲಿಲ್ಲ. ಅದರಲ್ಲಿ ಒಂದು ತಂತಿಯೂ ಕೆಟ್ಟಿರಲಿಲ್ಲ.

ಗಿರಿಜಾಬಾಯಿ ಭಾಲ್ಕಿ ಕಡೆಯ ಹಳ್ಳಿಯವರು. ಸೊಲ್ಲಾಪುರದಲ್ಲಿ ಶಿಕ್ಷಕಿಯರ ತರಬೇತಿ ಪಡೆಯುವಾಗ ಪಿಯಾನೊ ಕಲಿತರು. ನಿಲಂಗಾದ ಹಳೆಯ ಒಕ್ಕಲು ಮನೆತನದ ಶಿವಲಿಂಗಪ್ಪನವರನ್ನು ಮದುವೆಯಾಗಿ, ಅಲ್ಲಿಯ ಒಂದು ಶಾಲೆಯಲ್ಲಿ ಸಂಗೀತ ಶಿಕ್ಷಕಿಯಾಗಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ ಎಂದು ಅವರ ಶಿಷ್ಯೆಯರು ಹೇಳುತ್ತಿದ್ದರು. ಅಲ್ಲಿ ಟೀಚರಿಗೆ ಹೇಳುವಂತೆ ಅವರನ್ನೂ ಬರೀ ‘ಬಾಯಿ’ ಎಂದೇ ಕರೆಯುತ್ತಿದ್ದರು. ನಿವೃತ್ತರಾದಾಗ, ಪುಣೆಯಲ್ಲಿ ಮುಚ್ಚುತ್ತಿದ್ದ ಒಂದು ಹೋಟೆಲಿನಿಂದ ಡಿಜಿಟಲ್ ಪ್ಲೇಯರ್ ಪಿಯಾನೊ ಕೊಂಡು ತಂದರು. ಸೋಯಾಬೀನ್ ಚೀಲಗಳನ್ನು ಸರಿಸಿ, ಪಡಸಾಲೆಯಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟವರು ಶಿವಲಿಂಗಪ್ಪನವರೇ. ಅವರಿಗೆ ಅದು ‘ದೊಡ್ಡ ಪೇಟಿ’, ಅಂದರೆ ದೊಡ್ಡ ಹಾರ್ಮೋನಿಯಂ.

ಪ್ಲೇಯರ್ ಪಿಯಾನೊ ಎಂದರೆ ತಾನೇ ನುಡಿಯುವ ಪಿಯಾನೊ. ಪ್ರತಿ ಕೀಲಿಯ ಕೆಳಗೆ ಒಂದು ಪುಟ್ಟ ವಿದ್ಯುತ್ಕಾಂತವಿರುತ್ತದೆ. ಯಾವ ಕೀಲಿ, ಯಾವ ಗಳಿಗೆಯಲ್ಲಿ, ಎಷ್ಟು ಬಲವಾಗಿ ಒತ್ತಬೇಕೆಂಬ ಆಜ್ಞೆಗಳು ಒಂದು ಫೈಲಿನಲ್ಲಿರುತ್ತವೆ. ಫೈಲು ಓಡಿದಾಗ ಕಾಣದ ಬೆರಳು ಒತ್ತಿದಂತೆ ಕೀಲಿಗಳು ಕುಣಿಯುತ್ತವೆ. ನಾವು ನುಡಿಸಿದ್ದನ್ನೂ ಅದು ಹಾಗೆಯೇ ಬರೆದಿಟ್ಟುಕೊಳ್ಳಬಲ್ಲದು. ಗಿರಿಜಾಬಾಯಿ ತಾವು ಕಲಿಸುವ ಪಾಠಗಳನ್ನು ಒಂದೊಂದಾಗಿ ನುಡಿಸಿ, ಪೆನ್‌ಡ್ರೈವಿನಲ್ಲಿ ತುಂಬಿಸಿದ್ದರು. ಮನೆಗೆ ಬರುವ ಹುಡುಗಿಯರು ಒಂದು ಕೈ ನುಡಿಸಿದರೆ ಇನ್ನೊಂದು ಕೈಯ ಭಾಗವನ್ನು ಪಿಯಾನೊ ನುಡಿಸುತ್ತಿತ್ತು. ಸ್ವರ, ಅಲಂಕಾರ, ಪ್ರಾರ್ಥನೆ, ಬೀಸುವ ಪದ, ಸುಗ್ಗಿಯ ಪದ ಎಲ್ಲ ಸೇರಿ, ಅವರೇ ಕಟ್ಟಿದ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಸಾಲು ಅದು.

ಆಮೇಲೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಮಾತು ನಿಂತಿತು. ಎಲ್ಲವೂ ತಿಳಿಯುತ್ತಿತ್ತು, ಶಬ್ದ ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಉದಗೀರದಲ್ಲಿ ಅವರನ್ನು ನೋಡುತ್ತಿದ್ದ ವಾಕ್ ಚಿಕಿತ್ಸಕಿ, ಆಡುವ ಮಾತಿನ ದಾರಿ ಮುಚ್ಚಿದ ಕೆಲವರಿಗೆ ಹಾಡಿನ ದಾರಿ ತೆರೆದಿರುತ್ತದೆ ಎಂದು ಹೇಳಿ, ದಿನಾ ಬೆಳಿಗ್ಗೆ ಅವರದೇ ಪಾಠಗಳನ್ನು ಸಾಲಾಗಿ ಹಾಕಿ ಜೊತೆಗೆ ಗುನುಗಿಸಲು ಸೂಚಿಸಿದ್ದರು. ಅದು ಫಲಿಸತೊಡಗಿತ್ತು. ಮೊದಲು ಗುನುಗು, ಆಮೇಲೆ ಹಾಡಿನೊಳಗಿನ ತುಂಡು ಶಬ್ದಗಳು. ಒಂದು ದಿನ ಹಾಡಿನ ಹೊರಗೂ ‘ನೀರು’ ಎಂದರಂತೆ. ಶಿವಲಿಂಗಪ್ಪನವರು ಆ ಖುಷಿಗೆ ಓಣಿಗೆಲ್ಲ ಪೇಢಾ ಹಂಚಿದ್ದರು.

ಅಷ್ಟರಲ್ಲಿ ಪೆನ್‌ಡ್ರೈವು ಕೈಕೊಟ್ಟಿತು. ಪೇಟೆಯ ಒಂದು ಅಂಗಡಿಯವನು ಸಾಫ್ಟ್‌ವೇರ್ ಹಾಕಿ ಫೈಲುಗಳನ್ನು ಮರಳಿ ಪಡೆದು, ಹೊಸ ಪೆನ್‌ಡ್ರೈವಿಗೆ ತುಂಬಿಸಿಕೊಟ್ಟ. ಒಂದು ಪಾಠವೂ ಹೋಗಿರಲಿಲ್ಲ. ಆದರೆ ಹೀಗೆ ಮರಳಿ ಪಡೆಯುವಾಗ ಹಳೆಯ ಹೆಸರು, ತಾರೀಖು ಅಳಿಸಿಹೋಗಿ, ಸಾಫ್ಟ್‌ವೇರು ತನಗೆ ಸಿಕ್ಕ ಕ್ರಮದಲ್ಲಿ ಹೊಸ ಸಂಖ್ಯೆಗಳನ್ನು ಕೊಡುತ್ತದೆ. ಮರುದಿನ ಬೆಳಿಗ್ಗೆ ಪಿಯಾನೊ ಸುಗ್ಗಿಯ ಪದದಿಂದ ಶುರುಮಾಡಿ ಸ್ವರಗಳಿಗೆ ಬಂದು, ಪ್ರಾರ್ಥನೆಯ ಬೆನ್ನಿಗೆ ಮತ್ತೇನನ್ನೋ ನುಡಿಸಿತು. ಗಿರಿಜಾಬಾಯಿ ತುಸು ಹೊತ್ತು ಕೇಳಿ ಸುಮ್ಮನಾದರು. ಕೆಲವು ದಿನ ಕಳೆದ ಮೇಲೆ ಶಿವಲಿಂಗಪ್ಪನವರು ನನಗೆ ಫೋನು ಮಾಡಿದರು.

“ಮ್ಯಾಡಂ, ಆಕಿ ಪೇಟಿ ಮುಚ್ಚಿಬಿಟ್ಟಾಳ್ರೀ. ಬಾಯಿನೂ ಮುಚ್ಯಾಳ.”

ದೇವಣಿ ದಾಟಿ ನಿಲಂಗಾ ಮುಟ್ಟಿದಾಗ ಊಟದ ಹೊತ್ತಾಗಿತ್ತು. ಗಿರಿಜಾಬಾಯಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಪಿಯಾನೊಗೆ ಬೆನ್ನು ತಿರುಗಿಸಿ ಕೂತಿದ್ದರು. ನಾನು ಯಂತ್ರವನ್ನು ಪೂರ್ತಿ ಪರೀಕ್ಷಿಸಿದೆ. ಎಲ್ಲವೂ ಸರಿಯಿತ್ತು. ನನಗೆ ಸಮಾಧಾನವೇ ಆಯಿತು. ಸಾಲು ಸರಿಪಡಿಸುವುದು ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡೆ.

ಪ್ರತಿ ಫೈಲನ್ನೂ ಕೇಳಿ, ಸುಲಭದಿಂದ ಕಷ್ಟಕ್ಕೆ ಹೋಗುವಂತೆ ಹೆಸರಿನ ಮುಂದೆ ಸಂಖ್ಯೆ ಹಾಕಿದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಸಾಲು ಅಚ್ಚುಕಟ್ಟಾಗಿತ್ತು. ಪಿಯಾನೊಗೆ ಹಾಕಿದರೆ ಮತ್ತೆ ಅದೇ ಗೊಂದಲ. ಇಂಥ ಹಳೆಯ ಯಂತ್ರಗಳ ಸ್ವಭಾವವೇ ಹಾಗೆ. ಕಂಪ್ಯೂಟರು ಹೆಸರು ನೋಡಿ ಸಾಲು ಕಟ್ಟಿ ತೋರಿಸುತ್ತದೆ. ಈ ಪಿಯಾನೊ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಪೆನ್‌ಡ್ರೈವಿಗೆ ಯಾವ ಫೈಲು ಮೊದಲು ಬಂದು ಕೂತಿತೋ ಅದನ್ನೇ ಮೊದಲು ನುಡಿಸುತ್ತದೆ. ಮದುವೆಯ ಪಂಗತಿಯ ಹಾಗೆ, ಮೊದಲು ಕೂತವರಿಗೆ ಮೊದಲು ಬಡಿಸುವುದು. ಆದ್ದರಿಂದ ಪೆನ್‌ಡ್ರೈವನ್ನು ಪೂರ್ತಿ ಖಾಲಿ ಮಾಡಿ, ಫೈಲುಗಳನ್ನು ಒಂದೊಂದಾಗಿ, ಬೇಕಾದ ಕ್ರಮದಲ್ಲಿಯೇ ಕಾಪಿ ಮಾಡಬೇಕು. ಹಾಗೆಯೇ ಮಾಡಿದೆ. ಈಗ ಸ್ವರ ಮೊದಲು, ಅಲಂಕಾರ ಆಮೇಲೆ.

ಗಿರಿಜಾಬಾಯಿಯವರನ್ನು ಪಿಯಾನೊದ ಮುಂದೆ ಕೂರಿಸಿದೆವು. ಮೊದಲನೆಯದಕ್ಕೆ ಅವರ ಮುಖ ಅರಳಿತು, ತುಟಿ ಆಡಿತು. ಎರಡನೆಯದಕ್ಕೂ ಗುನುಗಿದರು. ಮೂರನೆಯದು ಶುರುವಾದೊಡನೆ ಎಡಗೈ ಎತ್ತಿ ತಡೆದು, ಮುಚ್ಚಳ ಎಳೆದುಬಿಟ್ಟರು. ಕಣ್ಣಲ್ಲಿ ನೀರು ತುಂಬಿತ್ತು. ಯಾವುದು ಬರಬೇಕಿತ್ತು ಎಂಬುದು ಅವರಿಗೆ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ. ಬರೆಯಲು ಕೊಟ್ಟರೆ ಅಕ್ಷರಗಳೂ ಕೂಡುತ್ತಿರಲಿಲ್ಲ.

“ನಿಮ್ಮ ಮಶೀನ್ ದುರುಸ್ತ ಆಗ್ಯದ ಮ್ಯಾಡಂ,” ಎಂದರು ಶಿವಲಿಂಗಪ್ಪನವರು. “ಖರೆ ನಮ್ಮ ಮನಿ ಆಗಿಲ್ಲ.”

ಉದಗೀರಕ್ಕೆ ಮರಳಿ ವಾಕ್ ಚಿಕಿತ್ಸಕಿಯನ್ನು ಕಂಡೆ. ಅವರು ಕೊಟ್ಟ ವಿವರಣೆ ಸರಳವಾಗಿತ್ತು. ಇಷ್ಟು ವರ್ಷ ಒಂದೇ ಸಾಲಿನಲ್ಲಿ ಕಲಿಸಿದವರಿಗೆ ಒಂದು ಪಾಠದ ಕೊನೆಯೇ ಮುಂದಿನದನ್ನು ಒಳಗಿನಿಂದ ಎಬ್ಬಿಸುತ್ತದೆ, ಶಬ್ದ ಹೊರಡುವುದು ಆ ನೂಕಿನಿಂದ. ಕಾದದ್ದು ಬರದೆ ಬೇರೇನೋ ಬಂದರೆ ಒಳಗೆ ಎದ್ದದ್ದೂ ಕುಸಿಯುತ್ತದೆ. ಹಳೆಯ ಸಾಲು ಸಿಗಬೇಕು, ಅದೂ ತಡವಿಲ್ಲದೆ ಸಿಗಬೇಕು ಎಂದರು. ಮಾತು ಮರಳುವ ಹಾದಿ ಮೊದಲ ತಿಂಗಳುಗಳಲ್ಲಿ ತೆರೆದಿರುವಷ್ಟು ಆಮೇಲೆ ತೆರೆದಿರುವುದಿಲ್ಲವಂತೆ.

ಶಿವಲಿಂಗಪ್ಪನವರಿಗೆ ಪಿಯಾನೊ ನುಡಿಸುವ ಎಲ್ಲ ಹಾಡುಗಳೂ ಕಿವಿಗೆ ಗೊತ್ತು, ಸಾಲು ಗೊತ್ತಿಲ್ಲ. ಅವರು ಹಳೆಯ ಶಿಷ್ಯೆಯೊಬ್ಬಳ ಹೆಸರು ಹೇಳಿದರು. ವಂದನಾ ಎಂದು, ಈಗ ಉಮರ್ಗಾದಲ್ಲಿ ಶಿಕ್ಷಕಿ. ಮುಂದಿನ ರವಿವಾರವೇ ಉಮರ್ಗಾದ ಬಸ್ಸು ಹತ್ತಿದೆ. ವಂದನಾ ಮರಾಠಿ ಮನೆಯವಳು, ಬಾಯಿಯವರ ಸಹವಾಸದಿಂದ ಕನ್ನಡ ಕಲಿತವಳು. ನಾನು ಲ್ಯಾಪ್‌ಟಾಪಿನಲ್ಲಿ ಪಾಠಗಳನ್ನು ಕೇಳಿಸುತ್ತ ಹೋದ ಹಾಗೆ ಅವಳ ಬೆರಳುಗಳು ಮೇಜಿನ ಮೇಲೆ ತಾವೇ ಆಡಿದವು. ಆದರೆ ಸಾಲು ಕೇಳಿದರೆ ಮೊದಲಿನ ಕೆಲವನ್ನು ಬಿಟ್ಟು ಅವಳಿಗೂ ನೆನಪಿರಲಿಲ್ಲ. ನಾನು ನಿರಾಶೆಯಿಂದ ಚೀಲ ಕಟ್ಟುತ್ತಿದ್ದೆ. ಅವಳು ಚಹಾದ ಕಪ್ಪು ಎತ್ತಿಕೊಳ್ಳುತ್ತ, ತನ್ನಷ್ಟಕ್ಕೆ ಎಂಬಂತೆ ಒಂದು ಮಾತು ಹೇಳಿದಳು.

“ಬಾಯಿ ಎಂದೂ ಮುಂದಿನ ಪಾಠ ಯಾವದು ಅಂತ ಹೇಳ್ತಿದ್ದಿಲ್ರೀ. ನಾವು ಬೆರಳು ಎತ್ತೋದ್ರಾಗ ತಾವೇ ಅದರ ಮೊದಲ ಸಾಲು ಗುನುಗ್ತಿದ್ರು. ಅದು ಕೇಳಿನೇ ನಮಗ ತಿಳೀತಿತ್ತು.”

ನಾನು ಚೀಲ ಕೆಳಗಿಟ್ಟೆ. ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಮತ್ತೆ ನಿಲಂಗಾ. ಈ ಸಲ ಪೆನ್‌ಡ್ರೈವು ತುಂಬಿಸಿಕೊಂಡು ಹೋಗಲಿಲ್ಲ. ಲ್ಯಾಪ್‌ಟಾಪನ್ನೇ ಪಿಯಾನೊಗೆ ಜೋಡಿಸಿ, ಗಿರಿಜಾಬಾಯಿಯವರು ಒಪ್ಪಿದ ಮೊದಲ ಎರಡು ಪಾಠಗಳನ್ನು ನುಡಿಸಿದೆ. ಎರಡನೆಯದು ಮುಗಿದೊಡನೆ ನಿಲ್ಲಿಸಿ, ಏನೂ ಮಾಡದೆ ಕೂತೆ. ಹೊರಗೆ ಯಾರೋ ಎತ್ತಿಗೆ ನೀರು ಕುಡಿಸುತ್ತ ಸಿಳ್ಳೆ ಹಾಕುತ್ತಿದ್ದರು. ಗಿರಿಜಾಬಾಯಿ ನನ್ನನ್ನು ನೋಡಿದರು, ಕೀಲಿಗಳನ್ನು ನೋಡಿದರು. ಆಮೇಲೆ ಅವರ ಗಂಟಲಿನಿಂದ ಸಣ್ಣಗೆ, ತೊದಲುತ್ತ, ಒಂದು ರಾಗ ಹೊರಬಂತು. ಪ್ರಾರ್ಥನೆಯ ಮೊದಲ ಸಾಲು. ನನ್ನ ಸಾಲಿನಲ್ಲಿ ಅದು ಎಲ್ಲಿಯೋ ಕೊನೆಯ ಕಡೆಗಿತ್ತು.

ಆ ಫೈಲನ್ನು ಹುಡುಕಿ ಹಾಕಿದೆ. ಕೀಲಿಗಳು ಕುಣಿದಾಗ ಅವರು ತಲೆ ಆಡಿಸಿದ ಬಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಡೆಗೂ ಪಾಠ ಒಪ್ಪಿಸಿದ ಹುಡುಗಿಗೆ ಟೀಚರು ಆಡಿಸುವಂತೆ. ಅಲ್ಲಿಂದ ಮುಂದೆ ನಾನು ಯೋಚಿಸುವುದನ್ನೇ ಬಿಟ್ಟೆ. ಪಾಠ ಮುಗಿಯುವುದು, ನಾನು ಕಾಯುವುದು, ಅವರು ಗುನುಗುವುದು, ನಾನು ಹುಡುಕುವುದು. ದಣಿದಾಗ ನಿಲ್ಲಿಸಿದೆವು, ಮತ್ತೆ ಬೇರೆ ದಿನ ಹೋದೆ. ಅವರ ಸಾಲು ನನ್ನ ಸಾಲಿನಂತಿರಲಿಲ್ಲ. ಕಷ್ಟದ ಒಂದು ಅಲಂಕಾರವಾದ ಮೇಲೆ ಅವರು ಬೇಕೆಂದೇ ಹಗುರವಾದ ಬೀಸುವ ಪದ ಇಟ್ಟಿದ್ದರು. ಮಕ್ಕಳು ದಣಿಯುವ ಜಾಗ ಅವರಿಗೆ ಗೊತ್ತಿತ್ತು.

ನಡುವೆ ಒಂದು ಕಡೆ ಸಿಕ್ಕಿಕೊಂಡೆವು. ಬೀಸುವ ಪದ ಮುಗಿದ ಮೇಲೆ ಅವರು ಗುನುಗಿದ ರಾಗ ಯಾವ ಫೈಲಿಗೂ ಹೊಂದಲಿಲ್ಲ. ಉಳಿದವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕೇಳಿಸಿದೆ. ಪ್ರತಿಯೊಂದಕ್ಕೂ ಅಲ್ಲ ಎಂದು ತಲೆಯಾಡಿಸಿ, ಮತ್ತೆ ಅದನ್ನೇ ಗುನುಗಿದರು. ಅಂಗಡಿಯವನು ಒಂದು ಫೈಲು ಕಳೆದಿರಬೇಕೆಂದು ಅನುಮಾನಪಟ್ಟು, ವಂದನಾಳಿಗೆ ಫೋನು ಹಚ್ಚಿ ಅವರ ಗುನುಗನ್ನು ಕೇಳಿಸಿದೆ. ಅತ್ತ ಅವಳು ಇನ್ನೊಮ್ಮೆ ಕೇಳಿಸಲು ಹೇಳಿ, ತಾನೂ ಜೊತೆಗೆ ಗುನುಗಿದಳು. ಆಮೇಲೆ ಹೇಳಿದಳು, ಅದು ಬಾಯಿಯವರ ತಾಯಿ ಹಾಡುತ್ತಿದ್ದ ಕನ್ನಡದ ಜೋಗುಳವಂತೆ. ಬೀಸುವ ಪದ ಬಂದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಿಯಾನೊ ಮುಟ್ಟದೆ, ಬರೀ ಬಾಯಿಂದ ಕಲಿಸುತ್ತಿದ್ದರಂತೆ. ಅದನ್ನು ಅವರು ಎಂದೂ ಯಂತ್ರಕ್ಕೆ ತುಂಬಿಸಿರಲೇ ಇಲ್ಲ. ಹಳೆಯ ಪೆನ್‌ಡ್ರೈವಿದ್ದಾಗ ಆ ಜಾಗದಲ್ಲಿ ಅವರೇ ಪಿಯಾನೊ ನಿಲ್ಲಿಸಿಕೊಳ್ಳುತ್ತಿದ್ದಿರಬೇಕು.

ಅದನ್ನು ಬಿಟ್ಟು ಮುಂದಿನದಕ್ಕೆ ದಾಟಲು ನೋಡಿದೆ. ಗಿರಿಜಾಬಾಯಿಯವರ ಎಡಗೈ ಮೇಲೆದ್ದಿತು. ಕೊನೆಗೆ ಹೊಳೆದದ್ದು ಒಂದು ಸಣ್ಣ ಉಪಾಯ. ಆ ಜೋಗುಳ ಹಾಡುವಷ್ಟು ಹೊತ್ತು ಒಂದೂ ಸ್ವರವಿಲ್ಲದ ಫೈಲು ತಯಾರಿಸಿ, ಆ ಜಾಗದಲ್ಲಿ ಇಟ್ಟೆ. ಪಿಯಾನೊದ ಪುಟ್ಟ ಪರದೆಯಲ್ಲಿ ಇಂಗ್ಲಿಷಿನ ಕೆಲವೇ ಅಕ್ಷರ ಹಿಡಿಯುತ್ತವೆ. ಆ ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲೇ ‘ಖಾಲಿ’ ಎಂದು ಹೆಸರಿಟ್ಟೆ. ಆಮೇಲೆ ಪೆನ್‌ಡ್ರೈವು ಅಳಿಸಿ, ಅವರು ಗುನುಗಿ ಕೊಟ್ಟ ಕ್ರಮದಲ್ಲಿಯೇ ಒಂದೊಂದಾಗಿ ಎಲ್ಲವನ್ನೂ ಕೂರಿಸಿದೆ. ಅದರ ಇನ್ನೆರಡು ಪ್ರತಿ ಮಾಡಿ, ಒಂದನ್ನು ಶಿವಲಿಂಗಪ್ಪನವರ ಕೈಗೆ ಕೊಟ್ಟು, ಒಂದನ್ನು ನಾನೇ ಇಟ್ಟುಕೊಂಡೆ. ಜೋಗುಳವನ್ನು ಆಮೇಲೆ ವಂದನಾಳ ಕೈಯಲ್ಲಿ ನುಡಿಸಿ ರೆಕಾರ್ಡ್ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ನಡೆಯಲಿ ಎಂದು ಹೇಳಿ ಬಂದೆ.

ವಂದನಾಳ ಶಾಲೆಯ ಪರೀಕ್ಷೆಗಳು, ಮದುವೆ ಸೀಸನ್ನಿನ ನನ್ನ ಕೆಲಸಗಳು ಎಂದು ಅದು ಮುಂದಕ್ಕೆ ಹೋಯಿತು. ನಡುವೆ ವಾಕ್ ಚಿಕಿತ್ಸಕಿ ಸಿಕ್ಕಾಗ ಸುದ್ದಿ ಚೆನ್ನಾಗಿದೆ ಎಂದಷ್ಟೇ ಹೇಳಿ ನಕ್ಕರು. ಶಾಲೆಗೆ ರಜೆ ಬಿದ್ದ ಮೇಲೆ ವಂದನಾ ಮತ್ತು ನಾನು ಔರಾದ ಶಹಾಜನಿಯ ಸಂತೆಗೆ ಹೊರಟವರಿಂದ ಕಿಕ್ಕಿರಿದಿದ್ದ ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಕೂಡಿ, ಅವರ ಮನೆಗೆ ಹೋದೆವು. ವಂದನಾ ಬಾಯಿಯವರ ಪಾದ ಮುಟ್ಟಿ ನಮಸ್ಕರಿಸಿದಳು. ಅವರು ಎಡಗೈಯಿಂದ ಅವಳ ಗಲ್ಲ ಹಿಡಿದು ಬಹಳ ಹೊತ್ತು ನೋಡಿದರು. ಪಡಸಾಲೆಯಲ್ಲಿ ಪಿಯಾನೊ ನಡೆದಿತ್ತು. ನಾನು ಲ್ಯಾಪ್‌ಟಾಪು ತೆಗೆದು, ರೆಕಾರ್ಡಿಂಗಿನ ಕೇಬಲ್ಲು ಬಿಚ್ಚುತ್ತ, ಜೋಗುಳ ತುಂಬಿಸಲು ಬಂದಿದ್ದೇವೆ ಎಂದು ವಿವರಿಸಿದೆ.

ಗಿರಿಜಾಬಾಯಿ ನನ್ನ ಕೈ ಮೇಲೆ ಕೈ ಇಟ್ಟರು. ಶಬ್ದಗಳು ಒಂದೊಂದಾಗಿ, ನಡುನಡುವೆ ಉಸಿರು ತೆಗೆದುಕೊಂಡು ಬಂದವು.

“ಬ್ಯಾಡ್ರಿ. ಅದು... ನಾ ಹಾಡ್ತೀನಿ.”

ಅವರ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಮಾತು ಅದು. ಶಿವಲಿಂಗಪ್ಪನವರು ಬಾಗಿಲಲ್ಲಿ ನಿಂತು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ದಿನಾ ಹಿಂಗೇ ರೀ, ಪೇಟಿ ಸುಮ್ಮನಾಯ್ತಂದ್ರ ಈಕಿ ಹಾಡತಾಳ ಎಂದು ಮೆಲ್ಲಗೆ ಹೇಳಿದರು. ಬೀಸುವ ಪದ ಮುಗಿಯುತ್ತ ಬಂದಿತ್ತು. ಕೀಲಿಗಳು ನಿಂತವು. ಆ ನಿಶ್ಶಬ್ದದೊಳಗೆ ಗಿರಿಜಾಬಾಯಿ ಕಣ್ಣು ಮುಚ್ಚಿ ತಾಯಿಯ ಜೋಗುಳ ಹಾಡಿದರು. ಕೆಲವು ಶಬ್ದ ಜಾರಿದವು, ಕೆಲವು ಸರಿಯಾಗಿ ಕೂತವು. ಎರಡನೆಯ ನುಡಿಗೆ ವಂದನಾಳೂ ದನಿ ಕೂಡಿಸಿದಳು. ಮುಗಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಪಾಠದ ಮೊದಲ ಕೀಲಿ ತಾನೇ ಒತ್ತಿಕೊಂಡಿತು.

ಈಗ ಬೇರೆ ಕಡೆ ಇಂಥ ಕೆಲಸ ಬಂದಾಗ, ಹೋಟೆಲಿನ ಪಿಯಾನೊ ಇರಲಿ, ಶಾಲೆಯ ಪ್ರಾರ್ಥನೆಯ ಯಂತ್ರವಿರಲಿ, ನಾನು ಮೊದಲು ಫೈಲುಗಳನ್ನು ತೆರೆಯುವುದಿಲ್ಲ. ಅದನ್ನು ದಿನಾ ಕೇಳುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಒಂದು ಮುಗಿದ ಮೇಲೆ ಅವರು ಯಾವುದಕ್ಕೆ ಕಾಯುತ್ತಾರೆ ಎಂದು ನೋಡುತ್ತೇನೆ. ಯಾವುದು ಸರಿಯಾದ ಸಾಲು ಎಂಬುದನ್ನು ಯಂತ್ರ ಹೇಳಲಾರದು, ಯಂತ್ರ ಬಲ್ಲ ನಾನೂ ಹೇಳಲಾರೆ ಎಂದು ಈ ವೃತ್ತಿ ನನಗೆ ಕಲಿಸಿದ್ದು ಆ ಪಡಸಾಲೆಯಲ್ಲಿ.

ಅಂದು ಕೇಬಲ್ಲು ಸುತ್ತಿ ಚೀಲಕ್ಕೆ ಹಾಕುವ ಮೊದಲು ಒಂದು ಸಣ್ಣ ಕೆಲಸ ಮಾಡಿದೆ. ಪೆನ್‌ಡ್ರೈವಿನಲ್ಲಿ ಕೂತ ಫೈಲಿಗೆ ಹೆಸರು ಬದಲಿಸಿದರೆ ಅದರ ಜಾಗ ಕದಲುವುದಿಲ್ಲ. ಗಿರಿಜಾಬಾಯಿಯವರ ಒಪ್ಪಿಗೆ ಕೇಳಿ, ‘ಖಾಲಿ’ ಎಂದಿದ್ದದ್ದನ್ನು ಅಳಿಸಿ, ಆ ಜಾಗದಲ್ಲಿ ‘ಬಾಯಿ’ ಎಂದು ಬರೆದೆ.