ಐದನೆಯವಳು

ಮಧ್ಯಾಹ್ನ ಎರಡಕ್ಕೆ ತಾಂಡ್ಯದ ಬಿಸ್ಕತ್ತು ಕಾರ್ಖಾನೆಯ ಸೈರನ್ ಕೂಗಿತು. ಪ್ಯಾಕಿಂಗ್ ವಿಭಾಗದ ಹೆಂಗಸರು ತಲೆಯ ಟೋಪಿ ಕಿತ್ತು ಬಸ್ಸಿನತ್ತ ಓಡಿದರು. ವಾಣಿ ಮಾತ್ರ ಗೇಟಿನಲ್ಲೇ ನಿಂತು ದಿವ್ಯಳಿಗಾಗಿ ಕಾದಳು.

ಹನ್ನೊಂದು ವರ್ಷ ವಾಣಿಗೆ ಮಕ್ಕಳಿರಲಿಲ್ಲ. ನಾಮಕರಣಕ್ಕೆ ಹೋದರೆ ಆರತಿ ತಟ್ಟೆ ಅವಳ ಕೈಗೆ ಬರದೆ ಪಕ್ಕದವಳಿಗೆ ಹೋಗುತ್ತಿತ್ತು. ನಾದಿನಿಯ ಕೂಸನ್ನು ಎತ್ತಿಕೊಂಡರೆ, ಇಳಿಸಿದ ಕೂಡಲೇ ಅತ್ತೆ ದೃಷ್ಟಿ ತೆಗೆಯುತ್ತಿದ್ದಳು. ಕೊನೆಗೆ ಹೆಮ್ಮರಗಾಲದ ಗೋಪಾಲಸ್ವಾಮಿಯ ಮುಂದೆ ಅಡ್ಡಬಿದ್ದು ಬೇಡಿಕೊಂಡಳು. ಗಂಡುಮಗು ಹುಟ್ಟಿತು.

ಆ ಉಪಕಾರಕ್ಕೆ ಅವಳು ತಾನಾಗಿಯೇ ಒಂದು ಹರಕೆ ಹೊತ್ತಿದ್ದಳು. ತನ್ನಂಥ ಐವರಿಗೆ ಸ್ವಾಮಿಯ ಮಹಿಮೆ ಹೇಳಿ, ಕೈಹಿಡಿದು ಅವನ ಬಾಗಿಲಿಗೆ ಕರೆದೊಯ್ಯಬೇಕು. ಮಗನಿಗೆ ಮೂರು ತುಂಬುವುದರೊಳಗೆ ಐದನೆಯವಳ ಎದುರಲ್ಲೇ ಮುಡಿ ಕೊಡಿಸಬೇಕು. ನಾಲ್ವರಾಗಿದ್ದರು. ಒಂಬತ್ತು ದಿನ ಉಳಿದಿತ್ತು. ಎರಡು ವಾರದಿಂದ ಮಗುವಿಗೆ ಬಿಟ್ಟು ಬಿಟ್ಟು ಜ್ವರ. ಸ್ವಾಮಿ ಎಚ್ಚರಿಸುತ್ತಿದ್ದಾನೆ ಎಂದೇ ವಾಣಿ ನಂಬಿದ್ದಳು.

ದಿವ್ಯಳಿಗೆ ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ವಾಣಿಯನ್ನು ಕಂಡರೆ ಊಟದ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದಳು. ಉಳಿದವರಿಗೆ ಇದೊಂದು ತಮಾಷೆ.

"ಓಡೇ ದಿವ್ಯ! ವಾಣಕ್ಕ ತೊಟ್ಲು ಒತ್ಕೊಂಡು ಬತ್ತಾವ್ಳೆ!"

ಇಂದೂ ದಿವ್ಯ ಕಣ್ಣು ತಪ್ಪಿಸಿ ಬಸ್ಸು ಹತ್ತಿಬಿಟ್ಟಳು. ವಾಣಿಯೂ ಹತ್ತಿದಳು. ತನ್ನ ಸ್ಟಾಪು ಬಂದರೂ ಇಳಿಯದೆ ದಿವ್ಯಳ ಹಿಂದೆಯೇ ಅವಳ ಮನೆಗೆ ನಡೆದಳು.

ಜಗಲಿಯ ಮೇಲೆ ದಿವ್ಯಳ ಅತ್ತೆ ಮುತ್ತಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ವಾಣಿ ಕೂತು ತನ್ನ ಕತೆಯನ್ನೆಲ್ಲ ಹೇಳಿದಳು. ಆರತಿ ತಟ್ಟೆಯ ಮಾತು ಬಂದಾಗ ಅತ್ತಳು. ಮಗನ ಫೋಟೊ ತೋರಿಸಿದಳು.

"ನಾಳಿಕೇ ಕಳುಸ್ತೀನಿ ಕಣವ್ವ," ಎಂದಳು ಮುತ್ತಮ್ಮ.

"ನಾನು ಓಗಲ್ಲ," ಎಂದಳು ದಿವ್ಯ.

"ಯಾಕೆ ಓಗಲ್ವೇ? ನನ್ ಮಗಂಗೆ ಇನ್ನೊಂದ್ ಎಣ್ಣು ತರ್ಲಾ?"

ದಿವ್ಯ ವಾಣಿಯ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ವಾಣಕ್ಕ, ನಂಗೆ ಗರ್ಭಕೋಶನೇ ಇಲ್ಲ. ಮದ್ವೆಗೆ ಮುಂಚೆನೇ ಆಪರೇಷನ್ ಮಾಡಿ ತೆಗೆದ್ರು. ನಮ್ಮವ್ವ ಮುಚ್ಚಿಟ್ಟು ಮದ್ವೆ ಮಾಡುದ್ಲು. ತಿಂಗ್ಳು ತಿಂಗ್ಳು ಮೂರ್ ದಿನ ದೂರ ಕೂತು ನಾಟ್ಕ ಆಡ್ತಿವ್ನಿ. ಇವ್ರಿಗೆ ಗೊತ್ತಾದ್ರೆ ನಾನು ಬೀದಿಗೆ ಬೀಳ್ತೀನಿ. ಕೈ ಮುಗಿತೀನಿ, ಬುಟ್ಬುಡು."

ವಾಣಿ ತನ್ನ ಕೈ ಬಿಡಿಸಿಕೊಂಡಳು. ಅವಳಿಗೆ ಹುಟ್ಟಿದ್ದು ಮರುಕವಲ್ಲ, ಭಯ. ಇಂಥವಳನ್ನು ಕರೆದೊಯ್ದು ನಿಲ್ಲಿಸಿದರೆ ಸ್ವಾಮಿಯನ್ನು ಅಣಕಿಸಿದಂತೆ. ಅದರ ಶಿಕ್ಷೆ ಮಗನಿಗೇ ತಟ್ಟಿದರೆ? ಒಂಬತ್ತು ದಿನ. ಇಷ್ಟು ದಿನ ಇವಳ ಹಿಂದೆ ಸುತ್ತಿದ್ದು ದಂಡ.

ಇಬ್ಬರೂ ಜಗಲಿಗೆ ಬಂದಾಗ ಮುತ್ತಮ್ಮ ತಲೆಯೆತ್ತಿದಳು. "ಏನಂತೆ? ಬತ್ತಾಳಂತಾ?"

"ಇವ್ಳ ಕರ್ಕೊಂಡೋಗಿ ಏನ್ ಬಂತು ಬುಡಿ ಮುತ್ತವ್ವ. ಗರ್ಭಕೋಶನೇ ಇಲ್ವಂತಲ್ಲ."

ಮುತ್ತಮ್ಮನ ಕೈ ನಿಂತಿತು. "ಅಂದ್ರೆ?"

"ನಿಮ್ ಬೀದೀಲಿ ಇನ್ಯಾರಾದ್ರೂ ಅವ್ರಾ? ಮದ್ವೆಯಾಗಿ ಮಕ್ಕಳಾಗ್ದೋರು?" ವಾಣಿ ಚಪ್ಪಲಿ ಮೆಟ್ಟಿಕೊಂಡಳು.

ಮುತ್ತಮ್ಮ ಎದ್ದು ಸೊಸೆಯ ಜಡೆಗೆ ಕೈ ಹಾಕಿ ವಾಣಿಯತ್ತ ತಿರುಗಿದಳು. "ಅಂದ್ರೆ ಏನವ್ವಾ? ಬುಡ್ಸಿ ಏಳು!"

"ಅಕ್ಕ, ಸುಳ್ಳು ಅನ್ನು!" ದಿವ್ಯ ಕೂಗಿದಳು. "ನಾನೇ ಬತ್ತೀನಿ, ಐದ್ನೆಯವ್ಳಾಗಿ ನಾನೇ ಬತ್ತೀನಿ, ತಮಾಸೆಗಂದೆ ಅಂತ ಒಂದ್ ಮಾತು ಏಳಕ್ಕ—"

ವಾಣಿ ಆಗಲೇ ಬೀದಿಗಿಳಿದು ಎದುರು ಸಾಲಿನ ಮನೆಗಳತ್ತ ನಡೆದಿದ್ದಳು.