ನಾಲಿಗೆ ನೋಡಿ ಬರೆದ ಲಿಪಿ

ನಾನು ಆಸ್ಪತ್ರೆಯ ದಾಖಲೆ ಕೋಣೆಗೆ ಕೆಲಸಕ್ಕೆ ಸೇರಿದ ದಿನ ಅಲ್ಲಿನ ಹಿರಿಯ ಗುಮಾಸ್ತರು ನನ್ನ ಆದೇಶಪತ್ರವನ್ನು ನೋಡಲೇ ಇಲ್ಲ. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಪೆನ್ಸಿಲು ಹಿಡಿದು ಬಂದವರೇ, "ಬಾಯಿ ತೆಗಿ. ನಿಮ್ಮ ಹಳ್ಳೀಲಿ ಎಮ್ಮೆನ ಹೇಗೆ ಕರೀತಾರೋ ಹಾಗೆ ಕರಿ ನೋಡೋಣ" ಎಂದರು. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೇ ಮೊದಲು. ಬಂದ ಕೆಲಸ ಹೋದೀತೆಂಬ ಭಯದಲ್ಲಿ ಎಮ್ಮೆ ಕರೆದೆ. ಅವರು ನನ್ನ ನಾಲಿಗೆಗೆ ಬೆಳಕು ಬಿಟ್ಟು, ಹಾಳೆಯಲ್ಲಿ ಒಂದು ಕೊಕ್ಕೆ ಗೀಚಿಕೊಂಡರು. ಕಿಟಕಿಯ ಆಚೆ ಹನ್ನೊಂದು ಮಂದಿ ರೋಗಿಗಳು ತಮ್ಮ ಕಡತಕ್ಕಾಗಿ ಕಾಯುತ್ತಿದ್ದರು.

ಅವರು ಲೋಕದ ಎಲ್ಲ ಭಾಷೆಗಳನ್ನೂ ಕಿವಿಗೆ ಬಿದ್ದ ಹಾಗೇ ಬರೆಯಬಲ್ಲ ಒಂದೇ ಲಿಪಿ ಮಾಡುತ್ತಿದ್ದಾರಂತೆ. ಒಂದೊಂದು ಗುರುತೂ ಬಾಯೊಳಗಿನ ನಾಲಿಗೆಯ ಚಿತ್ರ. ನಾನಾ ಕಡೆಯ ಜನ ಬರುವ ಆಸ್ಪತ್ರೆಯಲ್ಲಿ ಬಾಯಿಗಳಿಗೇನು ಬರ? ಹಲ್ಲುನೋವಿನವರನ್ನೂ ಬಿಡುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು ಟಾರ್ಚು ಮೇಷ್ಟ್ರು ಎನ್ನುತ್ತಿದ್ದರು. ಅವರ ಮುಖದ ಗತ್ತು ಮಾತ್ರ ಮುಖ್ಯ ವೈದ್ಯರಿಗೂ ಇರಲಿಲ್ಲ.

ಅವರ ತಂಗಿ ಅದೇ ಆಸ್ಪತ್ರೆಯಲ್ಲಿ ಹೊದಿಕೆ ಒಗೆಯುತ್ತಿದ್ದರು. ಸೋಪಿನ ನೀರಿಗೆ ಬೆರಳುಗಳು ಬಿರಿದು ರಕ್ತ ಬರುತ್ತಿತ್ತು. ಓದಲು ಕಲಿತರೆ ವಾರ್ಡಿನ ಆಯಾ ಕೆಲಸ ಕೊಡುತ್ತೇನೆಂದು ಮೇಟ್ರನ್ ಹೇಳಿದ್ದರು. ಆಕೆ ಅಣ್ಣನನ್ನೇ ನಂಬಿದರು. ಅಕ್ಷರದ ಗಾಳಿಯೇ ಸೋಕದ ತಲೆ ಸಿಕ್ಕಿದ್ದಕ್ಕೆ ಮೇಷ್ಟ್ರು ಹಿಗ್ಗಿದರು. ಎರಡು ವರ್ಷ ತಮ್ಮ ಲಿಪಿಯನ್ನೇ ಕಲಿಸಿದರು. "ಅಂಗಡಿ ಬೋರ್ಡುಗಳು ಬೇರೆ ಥರ ಇವೆಯಲ್ಲಣ್ಣ?" ಎಂದು ಆಕೆ ಕೇಳಿದರೆ, "ಅವೆಲ್ಲ ಬದಲಾಗ್ತವೆ, ನೀನು ಸುಮ್ನೆ ಓದು" ಎನ್ನುತ್ತಿದ್ದರಂತೆ.

ನಮಗೆ ಇದು ತಿಳಿದದ್ದು ಪರೀಕ್ಷೆಯ ದಿನ. ಮೇಟ್ರನ್ ಔಷಧಿಯ ಚೀಟಿಯೊಂದನ್ನು ಕೈಗಿತ್ತರು. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ನಾಲಿಗೆ ಎಲ್ಲಿದೆ ಮೇಡಂ?" ಎಂದರು. ಕೆಲಸ ಬೇರೊಬ್ಬಳಿಗೆ ಹೋಯಿತು.

ಆಕೆ ನೇರ ನಮ್ಮ ಕೋಣೆಗೆ ಬಂದರು. "ನೀನು ಕಲಿಸಿದ್ದನ್ನ ಓದೋರು ಎಷ್ಟು ಜನ ಇದ್ದಾರಣ್ಣ?"

"ಸದ್ಯಕ್ಕೆ ನಾವಿಬ್ಬರೇ ಕಣಮ್ಮ. ಆದ್ರೆ ನೀನು ಒಂದು ತಪ್ಪೂ ಇಲ್ದೆ ಓದ್ತೀಯ!"

"ಇನ್ಮೇಲೆ ನೀನೊಬ್ಬನೇ ಓದ್ಕೋ."

ಮೇಷ್ಟ್ರ ಮುಖದಲ್ಲಿ ಹೆಮ್ಮೆಯಿತ್ತು, ನಾಚಿಕೆಯ ಸುಳಿವೂ ಇರಲಿಲ್ಲ. ದಡ್ಡತನವನ್ನು ನಾನು ಸಹಿಸಬಲ್ಲೆ. ಒಡಹುಟ್ಟಿದವಳ ಎರಡು ವರ್ಷ ನುಂಗಿ ತೇಗುವವರನ್ನು ಕಂಡರೆ ಹೇಸಿಗೆ.

ಆಕೆ ಈಗ ಊಟದ ಬಿಡುವಿನಲ್ಲಿ ನನ್ನ ಹತ್ತಿರ ಅಕ್ಷರ ಕಲಿಯುತ್ತಾರೆ. ಮೇಷ್ಟ್ರು ನಿವೃತ್ತರಾಗಿ, ಮನೆಯಲ್ಲಿ ಕೂತು ತಮ್ಮ ಲಿಪಿಯಲ್ಲಿ ನಿಘಂಟು ಬರೆಯುತ್ತಿದ್ದಾರೆ.